ಸಾಲ ಸಿಗದೆ ವ್ಯಾಪಾರ ಬೆಳೆಯದು

ಅಮೆರಿಕದ ಫ್ಲೋರಿಡಾದಿಂದ ಕ್ಯೂಬಾಕ್ಕೆ ಇರುವುದು ಸುಮಾರು 145 ಕಿ.ಮೀ. ದೂರ. ಆದರೂ ಕ್ಯೂಬಾ ಆಮದು ಮಾಡಿಕೊಳ್ಳುವ ಅಕ್ಕಿಯಲ್ಲಿ ದೊಡ್ಡ ಪಾಲು ಹಲವು ವರ್ಷ ಬಂದದ್ದು ದೂರದ ವಿಯೆಟ್ನಾಂನಿಂದ. 1959ರ ಕ್ರಾಂತಿಗೆ ಮೊದಲು ಅಮೆರಿಕದ ಅಕ್ಕಿಗೆ ಕ್ಯೂಬಾ ಪ್ರಮುಖ ಮಾರುಕಟ್ಟೆಯಾಗಿತ್ತು. ಅಮೆರಿಕ 1962ರಲ್ಲಿ ಹೇರಿದ ವ್ಯಾಪಾರ ನಿರ್ಬಂಧ ಆ ಸಂಬಂಧವನ್ನು ಕಡಿದುಹಾಕಿತು.

ಅಮೆರಿಕದ 2000ದ ಕಾನೂನು ಆಹಾರ ಪದಾರ್ಥಗಳ ಮಾರಾಟಕ್ಕೆ ವಿನಾಯಿತಿ ಕೊಟ್ಟಿತು. ಮಿಶೆಲ್ ಚಂಡಮಾರುತ ಕ್ಯೂಬಾವನ್ನು ಜರ್ಜರಿತಗೊಳಿಸಿದ ಬಳಿಕ, 2001ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಆಹಾರ ಹೊತ್ತ ಹಡಗುಗಳು ಹೊರಟವು. ಇಂದು ಅಮೆರಿಕದ ಶೈತ್ಯೀಕರಿಸಿದ ಕೋಳಿಮಾಂಸ ಅಲ್ಲಿನ ಅಡುಗೆಮನೆಗಳನ್ನು ತಲುಪುತ್ತಿದೆ. ಆದರೆ ಅದೇ ಕಾನೂನು ಅಮೆರಿಕದ ಬ್ಯಾಂಕುಗಳು ಈ ವ್ಯಾಪಾರಕ್ಕೆ ಸಾಲ ಕೊಡುವುದನ್ನು ತಡೆದಿದೆ. ಮುಂಗಡ ಹಣ ಕಟ್ಟಿದರೆ ಅಥವಾ ಮೂರನೇ ದೇಶದ ಬ್ಯಾಂಕು ಹಣ ಒದಗಿಸಿದರಷ್ಟೇ ಸರಕು. ಹೀಗಾಗಿ ಸಾಲದ ಮೇಲೆ ಮಾರುವ ದೇಶಗಳೆದುರು ಅರ್ಕನ್ಸಾ, ಲೂಸಿಯಾನಾದ ಭತ್ತದ ರೈತರು ಸೋಲುತ್ತಿದ್ದಾರೆ. 2014ರಲ್ಲಿ ಅಮೆರಿಕ ಮತ್ತು ಕ್ಯೂಬಾ ನಡುವೆ ಆದ ರಾಜಿಯೂ ಈ ಸಾಲ ನಿಷೇಧವನ್ನು ತೆಗೆಯಲಿಲ್ಲ.

ಕ್ಯೂಬಾದ ಸಾಲಬಾಕಿಯ ಚರಿತ್ರೆ ನಿಜಕ್ಕೂ ಆತಂಕದ್ದೇ. ಆದರೆ ಆ ಅಪಾಯವನ್ನು ಅಳೆಯಬೇಕಾದವರು ಮಾರುವವರು ಮತ್ತು ಬ್ಯಾಂಕುಗಳು. ತೆರಿಗೆದಾರರ ಹಣ ತೊಡಗಿಸದೆ ಖಾಸಗಿ ಸಾಲಕ್ಕೆ ಅವಕಾಶ ಕೊಡಲಿ. ರಾಜಕೀಯ ಹಗೆತನದ ಬೆಲೆಯನ್ನು ಬೆಳೆಯುವ ರೈತನೂ ಉಣ್ಣುವ ಬಡವನೂ ತೆರಬೇಕಾಗಿಲ್ಲ. ಅಮೆರಿಕದ ಕಾಂಗ್ರೆಸ್ ಈ ಸಾಲ ನಿಷೇಧವನ್ನು ಕೈಬಿಡಬೇಕು.