ಮಿಂಚಿನ ಹಿಂದಿನ ಕಸುವು

ತಂಗಿಯ ಮದುವೆ. ಮಾಂಗಲ್ಯಧಾರಣೆಯ ಕ್ಷಣಕ್ಕೆ ಸರಿಯಾಗಿ ಕ್ಯಾಮೆರಾದ ಗುಂಡಿಯನ್ನೊತ್ತಿದೆ, ಫ್ಲ್ಯಾಶ್ ಬೆಳಗಲಿಲ್ಲ. ಗಟ್ಟಿಮೇಳ ನಿಂತ ಮೇಲೆ ‘ಸಿದ್ಧ’ವೆಂದು ಅದರ ದೀಪ ಹೊತ್ತಿತು! ದೋಷ ಫ್ಲ್ಯಾಶಿನದಲ್ಲ, ಬಳಲಿದ ಆಲ್ಕಲೈನ್ ಸೆಲ್ಲುಗಳನ್ನು ನಂಬಿದ ನನ್ನದು.

ಆಲ್ಕಲೈನ್ ಸೆಲ್ಲು 1.5 ವೋಲ್ಟಿನದು, ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು 1.2 ವೋಲ್ಟಿನದು. ಆದರೂ ಫ್ಲ್ಯಾಶಿಗೆ ಎರಡನೆಯದೇ ಮೇಲು. ಒಳರೋಧ ಕಡಮೆಯಾದುದರಿಂದ ಅದು ಕೇಳಿದೊಡನೆ ಹೆಚ್ಚು ವಿದ್ಯುತ್ತನ್ನು ಕೊಡಬಲ್ಲದು. ಸುಮ್ಮನಿಟ್ಟರೂ ಚಾರ್ಜು ಸೋರುವುದು ಇದರ ದೌರ್ಬಲ್ಯ. 2005ರಿಂದೀಚೆಗೆ ಬಂದಿರುವ, ಸೋರಿಕೆ ಕಡಮೆಯಿರುವ ಬಗೆಯನ್ನೇ ಕೊಳ್ಳಿರಿ. ನಾಲ್ಕು ಸೆಲ್ಲುಗಳನ್ನೂ ಒಟ್ಟಿಗೆ ಕೊಂಡು ಒಟ್ಟಿಗೆ ಚಾರ್ಜು ಮಾಡಿರಿ. ಹಳತು ಹೊಸತನ್ನು ಬೆರೆಸದಿರಿ. ಇನ್ನೂ ನಾಲ್ಕು ಜೇಬಿನಲ್ಲಿರಲಿ.

ತಂಗಿಯ ಆಲ್ಬಮ್ಮಿನಲ್ಲಿ ಆ ಒಂದು ಪುಟ ಇಂದಿಗೂ ಬರಿದು.