ಕಿರಣಚಿಕಿತ್ಸೆಯೂ ಹೃದಯದ ಭಯವೂ

ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದ ತರುವಾಯ ಕಿರಣಚಿಕಿತ್ಸೆಯನ್ನು ಪಡೆಯಬೇಕಾದ ಸ್ತ್ರೀಯರಲ್ಲಿ, ಅದರಿಂದ ಹೃದಯಕ್ಕೆ ಕೇಡೆಂಬ ಮಾತು ಕಿವಿಗೆ ಬಿದ್ದೊಡನೆ ಚಿಕಿತ್ಸೆಗೇ ಹಿಂಜರಿಯುವವರುಂಟು. ಆ ಮಾತನ್ನು ರೋಗಿಯ ಮುಂದೆ ಎತ್ತದಿರುವುದೇ ಕ್ಷೇಮವೆಂದು ಭಾವಿಸುವ ವೈದ್ಯರೂ ಉಂಟು. ಈ ಎರಡು ಮಾರ್ಗಗಳೂ ಸರಿಯಲ್ಲವೆಂದು ನಾವು ನಿಸ್ಸಂಕೋಚವಾಗಿ ಹೇಳಬಯಸುತ್ತೇವೆ.

ಭಯವು ನಿರಾಧಾರವಾದುದಲ್ಲ. ವಿಶೇಷವಾಗಿ ಎಡಸ್ತನಕ್ಕೆ ಬಿಡುವ ಕಿರಣಗಳು ಸಮೀಪದಲ್ಲಿರುವ ಹೃದಯವನ್ನೂ ಕೊಂಚ ತಾಕುವುವು. ಸ್ವೀಡನ್ ಮತ್ತು ಡೆನ್ಮಾರ್ಕ್ ದೇಶಗಳಲ್ಲಿ 1958 ರಿಂದ 2001 ರ ವರೆಗೆ ಚಿಕಿತ್ಸೆ ಪಡೆದ 2,168 ಸ್ತ್ರೀಯರ ವೃತ್ತಾಂತವನ್ನು ಪರಿಶೀಲಿಸಿ 2013 ರಲ್ಲಿ ಪ್ರಕಟವಾದ ವರದಿಯಂತೆ, ಹೃದಯಕ್ಕೆ ತಗಲುವ ಸರಾಸರಿ ಕಿರಣಪ್ರಮಾಣವು ಒಂದೊಂದು ಗ್ರೇ ಹೆಚ್ಚಿದಂತೆ ಹೃದಯಾಘಾತವೇ ಮೊದಲಾದುವುಗಳ ಅಪಾಯವು ನೂರಕ್ಕೆ 7.4 ರಂತೆ ಏರುವುದು.

ಹೀಗೆಂದರೆ ನೂರು ಸ್ತ್ರೀಯರಲ್ಲಿ ಏಳು ಮಂದಿಗೆ ಹೃದ್ರೋಗವೆಂದು ಅರ್ಥವಲ್ಲ. ಇದು ಅವರವರಿಗೆ ಮೊದಲೇ ಇರುವ ಅಪಾಯದ ಮೇಲೆ ಬೀಳುವ ಬಡ್ಡಿ. ಅಸಲು ಅಲ್ಪವಾದರೆ ಬಡ್ಡಿಯೂ ಅಲ್ಪ. ಧೂಮಪಾನ, ರಕ್ತದೊತ್ತಡ, ಮಧುಮೇಹಗಳಿದ್ದಲ್ಲಿ ಎರಡೂ ದೊಡ್ಡವು.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡತಕ್ಕುದು. ಸ್ತನವನ್ನು ಉಳಿಸಿ ಶಸ್ತ್ರಕ್ರಿಯೆ ಮಾಡಿಸಿಕೊಂಡ 10,801 ಸ್ತ್ರೀಯರ ವಿಷಯವಾಗಿ 2011 ರಲ್ಲಿ ಪ್ರಕಟವಾದ ಲೆಕ್ಕದಂತೆ, ಹತ್ತು ವರ್ಷಗಳೊಳಗೆ ರೋಗವು ಮರುಕಳಿಸಿದುದು ಕಿರಣಚಿಕಿತ್ಸೆಯಿಲ್ಲದವರಲ್ಲಿ ನೂರಕ್ಕೆ 35, ಪಡೆದವರಲ್ಲಿ 19. ಹದಿನೈದು ವರ್ಷಗಳಲ್ಲಿ ಆ ರೋಗದಿಂದಲೇ ಮಡಿದವರು ಕ್ರಮವಾಗಿ 25 ಮತ್ತು 21. ಆದುದರಿಂದ ಬಹುಮಂದಿಗೆ ಲಾಭದ ತಟ್ಟೆಯೇ ಭಾರವಾದುದು. ಆದರೆ 65 ವರ್ಷ ದಾಟಿ, ಚಿಕ್ಕ ಗಂತಿಯಿದ್ದು, ಅದು ಹಾರ್ಮೋನು ಔಷಧಕ್ಕೆ ಮಣಿಯುವಂತಹದಾಗಿದ್ದರೆ, ಔಷಧವನ್ನು ತಪ್ಪದೆ ಸೇವಿಸುವ ಕೆಲವರು ಕಿರಣಗಳನ್ನು ಬಿಟ್ಟರೂ ಆಯುಸ್ಸಿಗೆ ಕೊರತೆಯಾಗದೆಂದು ತಿಳಿದುಬಂದಿದೆ. ಸ್ತನದಲ್ಲಿ ರೋಗವು ಮರಳುವ ಸಂಭವ ಮಾತ್ರ ಹೆಚ್ಚು.

ಅಪಾಯವನ್ನು ತಗ್ಗಿಸುವ ಉಪಾಯವೂ ಇದೆ. ದೀರ್ಘವಾಗಿ ಉಸಿರೆಳೆದು ಹಿಡಿದಿರುವಾಗ ಕಿರಣ ಬಿಟ್ಟರೆ ಶ್ವಾಸಕೋಶವು ಉಬ್ಬಿ ಹೃದಯವು ಎದೆಗೋಡೆಯಿಂದ ದೂರ ಸರಿಯುವುದು. ಈ ಸೌಕರ್ಯವು ಸರಕಾರಿ ಆಸ್ಪತ್ರೆಯನ್ನೇ ನಂಬಿ ಬರುವ ಬಡಸ್ತ್ರೀಗೂ ದೊರೆಯುವಂತೆ ಮಾಡುವುದು ಅಧಿಕಾರಿಗಳ ಕರ್ತವ್ಯವು.

ವೈದ್ಯರಲ್ಲಿ ನಮ್ಮ ಬಿನ್ನಹವಿಷ್ಟೇ. ಚಿಕಿತ್ಸೆಗೆ ಮುನ್ನ ಹೃದಯಕ್ಕೆ ತಗಲಬಹುದಾದ ಪ್ರಮಾಣವೆಷ್ಟು, ಆಗುವ ಲಾಭವೆಷ್ಟು ಎಂಬುದನ್ನು ತಿಳಿಗನ್ನಡದಲ್ಲಿ ಹೇಳಿರಿ. ಹೊರಗೆ ನಿಂತ ಗಂಡನಿಗೋ ಮಗನಿಗೋ ಹೇಳಿದರೆ ಸಾಲದು, ಆಕೆಗೇ ಹೇಳಿರಿ. ದೇಹವು ಆಕೆಯದು, ತೂಗಿ ನೋಡುವ ಹಕ್ಕೂ ಆಕೆಯದೇ.