ಗುಣಶ್ರೇಣಿಯ ಮೋಹ

ತಂತ್ರವಿದ್ಯೆಯ ಮುನ್ನಡೆಯನ್ನು ಕುರಿತು ಮಾತನಾಡುವವರು ಈಗ ಬಹುಮಟ್ಟಿಗೆ ಒಂದೇ ಗೆರೆಯನ್ನು ಬರೆದು ತೋರಿಸುತ್ತಾರೆ. ನಿನ್ನೆ ಒಂದಿದ್ದದ್ದು ಇಂದು ಎರಡಾಗಿದೆ. ನಾಳೆ ನಾಲ್ಕು, ನಾಡಿದ್ದು ಎಂಟು. ಚದುರಂಗದ ಮಣೆಯ ಮೇಲೆ ಕಾಳಿಟ್ಟ ಕಥೆಯನ್ನು ಬಲ್ಲ ನಮಗೆ ಈ ಲೆಕ್ಕ ಹೊಸದಲ್ಲ. ಆದರೆ ಆ ಕಥೆಯ ನೀತಿಯನ್ನು ಮಾತ್ರ ಮರೆತಂತಿದೆ: ಅರಸನ ಕಣಜ ಬರಿದಾಗುವುದು ಅರುವತ್ತನಾಲ್ಕನೆಯ ಮನೆಗೆ ಬಹಳ ಮುಂಚೆಯೇ.

ವಿಮಾನದ ಚರಿತ್ರೆಯನ್ನೇ ನೋಡಬಹುದು. 1903ರಲ್ಲಿ ರೈಟ್ ಸಹೋದರರ ಯಂತ್ರ ಮೊದಲ ಸಲ ನೆಲ ಬಿಟ್ಟಾಗ ಗಾಳಿಯಲ್ಲಿದ್ದುದು 12 ಸೆಕೆಂಡು, ಸಾಗಿದ್ದು 120 ಅಡಿ. 1947ರಲ್ಲಿ ಮನುಷ್ಯನು ಶಬ್ದದ ವೇಗವನ್ನು ಮೀರಿದನು. 1958ರಲ್ಲಿ ಬೋಯಿಂಗ್ 707 ಜೆಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿತು. ಆ ಐವತ್ತೈದು ವರ್ಷಗಳ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆದವನು, ತನ್ನ ಮೊಮ್ಮಕ್ಕಳು ಗಳಿಗೆಯೊಂದರಲ್ಲಿ ಭೂಮಿಯನ್ನು ಸುತ್ತುವರೆಂದು ನಂಬಿದ್ದರೆ ಅವನನ್ನು ಮೂರ್ಖನೆನ್ನುವಂತಿರಲಿಲ್ಲ. ನಡೆದದ್ದೇ ಬೇರೆ. ಶಬ್ದದ ಎರಡರಷ್ಟು ವೇಗದ ಕಾಂಕಾರ್ಡ್ 1976ರಲ್ಲಿ ಸೇವೆಗೆ ಬಂದು 2003ರಲ್ಲಿ ನಿವೃತ್ತವಾಯಿತು. ಇಂದಿನ ಪ್ರಯಾಣಿಕ ವಿಮಾನ ಹಾರುವುದು 707ರಂತೆಯೇ ಗಂಟೆಗೆ ಸುಮಾರು 900 ಕಿಲೋಮೀಟರಿನಲ್ಲಿ. ಮನುಷ್ಯನ ಜಾಣ್ಮೆ ಬತ್ತಿತೆಂದಲ್ಲ. ಶಬ್ದದ ವೇಗವನ್ನು ಸಮೀಪಿಸಿದಂತೆ ಗಾಳಿಯ ತಡೆ ಥಟ್ಟನೆ ಏರುತ್ತದೆ. ಇಂಧನದ ವೆಚ್ಚ ಬೆಳೆಯುತ್ತದೆ. ವೇಗವನ್ನು ಮೀರಿದರೆ ಆಘಾತಧ್ವನಿ ಕೆಳಗಿನ ಊರುಗಳನ್ನು ನಡುಗಿಸುತ್ತದೆ. ಪ್ರಕೃತಿ, ಹಣ, ಸಮಾಜ ಮೂರೂ ಕೂಡಿ ಎಲ್ಲೆ ಹಾಕಿದವು.

ಗಣಕಯಂತ್ರದ ಮಾತು ಬೇರೆಯೆನ್ನುವವರುಂಟು. ಚಿಪ್ಪಿನೊಳಗಿನ ಘಟಕಗಳು ವರ್ಷಕ್ಕೊಮ್ಮೆ ಇಮ್ಮಡಿಸುವುವೆಂದು ಗಾರ್ಡನ್ ಮೂರ್ 1965ರಲ್ಲಿ ಹೇಳಿದರು. 1975ರಲ್ಲಿ ತಾವೇ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ‘ನಿಯಮ’ವೆಂಬ ಹೆಸರು ಬಂದರೂ ಅದು ಗುರುತ್ವಾಕರ್ಷಣೆಯಂಥ ನಿಯಮವಲ್ಲ, ಸಾವಿರಾರು ಎಂಜಿನಿಯರುಗಳು ದುಡಿದು ಉಳಿಸಿಕೊಂಡು ಬಂದ ಮಾತು. ಸುಮಾರು 2005ರ ಹೊತ್ತಿಗೆ ಚಿಪ್ಪಿನ ಕಾವೇ ಅದರ ಗಡಿಯಾರದ ವೇಗ ಏರುವುದನ್ನು ತಡೆಯಿತು. ಆಗ ಒಂದೇ ಚಿಪ್ಪಿನಲ್ಲಿ ಹಲವು ಸಂಸ್ಕಾರಕಗಳನ್ನು ಅಳವಡಿಸುವ ದಾರಿ ಹಿಡಿಯಬೇಕಾಯಿತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುವುದೆಂಬುದಕ್ಕೆ ಇದೇ ಸಾಕ್ಷಿಯೆಂದು ಹೇಳಬಹುದು. ಒಪ್ಪೋಣ. ಆದರೆ ಆ ಬಾಗಿಲು ತಾನಾಗಿ ತೆರೆಯಲಿಲ್ಲ. ಪ್ರತಿ ಸಲವೂ ತೆರೆಯಲೇಬೇಕೆಂಬ ಕಟ್ಟಳೆಯೂ ಇಲ್ಲ.

ಈ ಮೋಹದಿಂದ ಕೇಡೇನು ಎಂದು ಕೇಳಬಹುದು. ಪೆನಿಸಿಲಿನ್ನಿನ ಕಥೆ ಉತ್ತರ ಹೇಳುತ್ತದೆ. 1928ರಲ್ಲಿ ಫ್ಲೆಮಿಂಗ್ ಅದನ್ನು ಕಂಡ ಮೇಲೆ, 1940 ಮತ್ತು 1950ರ ದಶಕಗಳಲ್ಲಿ ಅಂಥ ಹೊಸ ಮದ್ದುಗಳು ಒಂದರ ಹಿಂದೊಂದು ಬಂದುವು. ಸಾಲದ ಪ್ರಮಾಣದಲ್ಲಿ ಬಳಸಿದರೆ ರೋಗಾಣುಗಳು ಮದ್ದನ್ನು ತಡೆದುಕೊಳ್ಳುವ ಶಕ್ತಿ ಪಡೆಯುವುವೆಂದು 1945ರ ನೊಬೆಲ್ ಉಪನ್ಯಾಸದಲ್ಲಿ ಫ್ಲೆಮಿಂಗರೇ ಎಚ್ಚರಿಸಿದ್ದರು. ಇದು ಸೋತರೆ ಇನ್ನೊಂದು ಬರುವುದೆಂಬ ಧೈರ್ಯದಲ್ಲಿ ಲೋಕ ಆ ಮಾತನ್ನು ಲೆಕ್ಕಿಸಲಿಲ್ಲ. ನೆಗಡಿಗೂ ನುಂಗಿತು, ಕೋಳಿಯ ಮೇವಿಗೂ ಬೆರೆಸಿತು. 1960ರ ದಶಕದ ಅನಂತರ ಹೊಸ ವರ್ಗದ ಮದ್ದುಗಳು ವಿರಳವಾದುವು. ಬಗ್ಗದ ರೋಗಾಣುಗಳು ಮಾತ್ರ ಹೆಚ್ಚಿದುವು. ಬರಲಿರುವುದರ ಮೇಲಿನ ಭರವಸೆಯಲ್ಲಿ ಕೈಯಲ್ಲಿದ್ದುದನ್ನು ಸವೆಸಿದೆವು.

ಇಂದು ಕಾಯುತ್ತಿರುವ ಸಾಲಗಳು ಇನ್ನೂ ದೊಡ್ಡವು. ಕಾದ ಭೂಮಿಯನ್ನು, ಬತ್ತಿದ ಅಂತರ್ಜಲವನ್ನು ನಾಳೆಯ ಯಂತ್ರ ನೋಡಿಕೊಳ್ಳಲಿ ಎನ್ನುವುದು ವಿಜ್ಞಾನದಲ್ಲಿಟ್ಟ ಶ್ರದ್ಧೆಯಲ್ಲ. ಪ್ರಯೋಗಶಾಲೆಯಲ್ಲಿ ದುಡಿಯುವವನ ಹೆಸರಿನಲ್ಲಿ ನಾವು ಬರೆದ ಹುಂಡಿ. ತರಗತಿಯ ಹಲಗೆಯ ಮೇಲೆ ಏರುವ ಗೆರೆಯನ್ನು ಬರೆಯುವ ಉಪಾಧ್ಯಾಯರು, ಅದನ್ನು ಎತ್ತಿ ಹಿಡಿದಿರುವುದು ಯಾವುದು, ಅದು ಎಷ್ಟು ಕಾಲ ಹಿಡಿದೀತು ಎಂಬ ಪ್ರಶ್ನೆಯನ್ನೂ ಪಕ್ಕದಲ್ಲಿ ಬರೆಯುವುದು ಒಳ್ಳೆಯದು.